ಮೊದಲನೆಯ ಮಾಳಿಗೆಯವರೆಗಿನ ಲುಸಾಕಾ

ನಾನು ಲುಸಾಕಾಕ್ಕೆ ಹೋದವಳಲ್ಲ. ಜಾಂಬಿಯಾ ದೇಶವನ್ನು ಮ್ಯಾಪಿನಲ್ಲಿ ತೋರಿಸು ಎಂದರೆ ಈಗಲೂ ಆಫ್ರಿಕಾದ ಕೆಳಭಾಗದಲ್ಲಿ ನನ್ನ ಬೆರಳು ಸ್ವಲ್ಪ ಅಲೆದಾಡುತ್ತದೆ. ಆದರೆ ಆ ಊರಿನ ಕೈರೋ ರೋಡಿನ ದಕ್ಷಿಣದ ತುದಿಯಲ್ಲಿ ಯಾರಾದರೂ ನನ್ನನ್ನು ಇಳಿಸಿ ಹೋದರೆ ನಾನು ಗಾಬರಿಯಾಗುವುದಿಲ್ಲ. ರಸ್ತೆಯ ನಡುವೆ ಉದ್ದಕ್ಕೂ ಮರಗಳಿವೆ, ಆ ನೆರಳಿನಲ್ಲೇ ನಡೆಯಬೇಕು. ಪೋಸ್ಟ್ ಆಫೀಸ್ ಬಂದಾಗ ಬಲಕ್ಕೆ ತಿರುಗಬೇಕು. ದಾರಿ ಗೊತ್ತಾಗದಿದ್ದರೆ ಯಾರನ್ನಾದರೂ ಕೇಳಬಹುದು, ಆದರೆ ಕೇಳುವ ಮೊದಲು ಅವರ ಕ್ಷೇಮ ವಿಚಾರಿಸಬೇಕು. ನೆಟ್ಟಗೆ ಹೋಗಿ ‘ಪೋಸ್ಟ್ ಆಫೀಸ್ ಎಲ್ಲಿ?’ ಎಂದರೆ ಆ ಊರಿನಲ್ಲಿ ಅದು ಬಹಳ ಒರಟು.

ಇಷ್ಟನ್ನೆಲ್ಲ ನನಗೆ ಕಲಿಸಿದವರು ಕಳೆದ ತಿಂಗಳು ಧಾರವಾಡದಲ್ಲಿ ತೀರಿಕೊಂಡರು. ಅವರ ತಂಗಿಯ ಮಗ ಫೋನ್ ಮಾಡಿದ್ದ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಚಹಾಕ್ಕೆ ಏಳಲಿಲ್ಲವಂತೆ. ಅ ಜೆಂಟಲ್‌ಮನ್ಸ್ ಗುಡ್‌ಬೈ, ಯಾರಿಗೂ ತೊಂದರೆ ಇಲ್ಲ.

ಕುವೈತಿನ ಖೈತಾನಿನಲ್ಲಿ ನಾವು ಮೂರನೆಯ ಮಾಳಿಗೆಯಲ್ಲಿದ್ದೆವು, ಅವರು ನಾಲ್ಕನೆಯದರಲ್ಲಿ ಒಂಟಿಯಾಗಿ. ಕಟ್ಟಡದ ಮಕ್ಕಳಿಗೆ ಅವರು ‘ಲುಸಾಕಾ ಮಾಮಾ’. ಅವರಿಗೆ ಒಂದು ಹೆಸರಿತ್ತು ಎನ್ನುವುದೇ ಬಹಳ ಜನಕ್ಕೆ ಗೊತ್ತಿರಲಿಲ್ಲ, ನಾನೂ ಇಲ್ಲಿ ಅದನ್ನು ಬರೆಯುವುದಿಲ್ಲ. ಉದ್ದ, ಸಣಕಲು, ಕನ್ನಡಕ ಯಾವಾಗಲೂ ಹಣೆಯ ಮೇಲೆ. ಬೆರಳು ಮಾಡಿ ಏನನ್ನೂ ತೋರಿಸುವವರಲ್ಲ. ಅಂಗೈಯನ್ನು ಪೂರ್ತಿ ಬಿಡಿಸಿ, ದೇವರ ಕಡೆ ಆರತಿ ತಟ್ಟೆ ಚಾಚಿದಂತೆ ತೋರಿಸುತ್ತಿದ್ದರು. ಕಾನ್ವೆಂಟಿನಲ್ಲಿ ನಮಗೆ ಸಿಸ್ಟರುಗಳು ಎಷ್ಟು ಹೇಳಿದರೂ ಬಾರದ ಮ್ಯಾನರ್ಸ್ ಅದು. ಅವರಿಗೆ ತಾನಾಗಿ ಬಂದಿತ್ತು.

ಪ್ರಾಯದಲ್ಲಿ ಅವರು ಲುಸಾಕಾದ ಸರಕಾರಿ ಕಚೇರಿಯೊಂದರಲ್ಲಿ ರಸ್ತೆಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದರು. ಆ ಕಾಲದಲ್ಲಿ ನಮ್ಮ ಕಡೆಯಿಂದ ಅಲ್ಲಿಗೆ ಸ್ಕೂಲ್ ಟೀಚರುಗಳು ಬಹಳ ಹೋಗುತ್ತಿದ್ದರು. ಹೊಸಬರು ಬಂದರೆಂದು ಗೊತ್ತಾದರೆ ಇವರು ಅವರ ಮನೆಯ ಬಾಗಿಲಿಗೆ ಹೋಗಿ ನಿಲ್ಲುವುದು, ಊರು ತೋರಿಸಿಕೊಡುವುದು. ಅದಕ್ಕೆ ‘ಹೊಸಬರ ಸುತ್ತು’ ಎಂದು ಹೆಸರು. ಅದರ ಕ್ರಮ ಯಾವತ್ತೂ ಬದಲಾಗುವ ಹಾಗಿಲ್ಲ. ಕಾರಿನಲ್ಲಿ ತೋರಿಸುವುದೂ ಇಲ್ಲ. “ಊರಂದ್ರ ನಡದ ನೋಡಬೇಕ್ರಿ,” ಎನ್ನುತ್ತಿದ್ದರು. “ಕಾರಿನ್ಯಾಗ ಕೂತ್ರ ಕಾರಷ್ಟ ಕಾಣತದ.”

ಕುವೈತಿನಲ್ಲಿ ಅವರಿಗೆ ಆ ಕೆಲಸ ಇರಲಿಲ್ಲ. ಅಲ್ಲಿ ಹೊಸಬರನ್ನು ಕಂಪನಿಯ ವ್ಯಾನು ಏರ್‌ಪೋರ್ಟಿನಿಂದ ನೇರ ಕ್ಯಾಂಪಿಗೆ ಒಯ್ಯುತ್ತದೆ. ಅವರನ್ನೂ ಹಾಗೆಯೇ ಒಯ್ದಿತ್ತು. ಅರ್ದಿಯಾದ ಒಂದು ಗೋದಾಮಿನ ಆಫೀಸು, ಖೈತಾನಿನ ರೂಮು, ಎರಡರ ನಡುವೆ ಮಿನಿಬಸ್ಸು. ವರ್ಷಗಳೇ ಕಳೆದಿದ್ದರೂ ಈ ಊರು ಹೇಗಿದೆ ಎಂದು ಯಾರಾದರೂ ಕೇಳಿದರೆ, ತಾನಿನ್ನೂ ನೋಡಿಲ್ಲ ಎನ್ನುತ್ತಿದ್ದರು. ತಮಾಷೆಗೆ ಹೇಳುತ್ತಾರೆ ಎಂದು ನಾವು ನಗುತ್ತಿದ್ದೆವು.

ಶುಕ್ರವಾರ ಅವಲಕ್ಕಿ ಒಗ್ಗರಣೆ ಮಾಡಿದರೆ ಒಂದು ಬಟ್ಟಲು ನಮ್ಮ ಮನೆಗೆ ಬರುತ್ತಿತ್ತು. ನಾನು ಮೀನಿನ ಸಾರು ಮಾಡಿದ ದಿನ ಅವರು ಬಾಗಿಲಲ್ಲೇ ನಿಂತು ಮಾತಾಡಿ ಹೋಗುವುದು. ಲುಸಾಕಾದ ಮಾರ್ಕೆಟ್ಟಿನಲ್ಲಿ ಕಪೆಂಟಾ ಎಂಬ ಸಣ್ಣ ಒಣಮೀನನ್ನು ರಾಶಿ ಹಾಕಿ ಮಾರುತ್ತಾರಂತೆ, ನಮ್ಮ ಒಣ ಬೊಳೆಂಜಿರಿನ ಹಾಗೆ. ಹೊಸಬರಿಗೆ ಅದನ್ನು ತೋರಿಸದೆ ಬಿಡುವ ಹಾಗಿಲ್ಲ, ತಾನು ನಿಲ್ಲುವ ಹಾಗೂ ಇಲ್ಲ. ಆದ್ದರಿಂದ ಕರವಸ್ತ್ರ ಮೂಗಿಗೆ ಹಿಡಿದು, ಇನ್ನೊಂದು ಕೈಯಿಂದ ಬಹಳ ಗೌರವದಿಂದ ತೋರಿಸುತ್ತಿದ್ದರಂತೆ. ಅಲ್ಲಿಯವರು ಉಣ್ಣುವ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಮಾತ್ರ ಅವರಿಗೆ ಪಂಚಪ್ರಾಣ, ಥೇಟ್ ತಮ್ಮ ಅವ್ವನ ಸಂಗಟಿ ಎನ್ನುತ್ತಿದ್ದರು.

ಹೆಂಡತಿಯ ಬಗ್ಗೆ ಒಂದೇ ಮಾತು ಹೇಳಿದ್ದರು. ಅಕ್ಟೋಬರಿನಲ್ಲಿ ಆ ಊರಿನ ಜಕರಂಡಾ ಮರಗಳೆಲ್ಲ ನೇರಳೆ ಹೂ ಬಿಡುತ್ತವೆ, ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದ ಹಾಗೆ ಉದುರುತ್ತವೆ. ಹೆಂಡತಿ ಅದನ್ನು ಗುಡಿಸಲು ಬಿಡುತ್ತಿರಲಿಲ್ಲವಂತೆ. ಆಕೆ ತೀರಿಹೋದ ವರ್ಷ ಅವರೂ ಗುಡಿಸಲಿಲ್ಲ, ಮನೆ ಬಿಟ್ಟು ಬಂದರು.

ತೊಂಬತ್ತರ ಆಗಸ್ಟಿನ ಆ ಗುರುವಾರ ಬೆಳಿಗ್ಗೆ ನನ್ನ ಮಗಳು ಶ್ರುತಿ ಅವರ ಜೊತೆಗೆ ಖುಬ್ಬೂಸ್ ರೊಟ್ಟಿ ತರಲು ಹೋಗಿದ್ದಳು. ಅವಳಿಗೆ ಆಗ ಎಂಟು ವರ್ಷ. ಬೇಕರಿ ನಮ್ಮ ಬೀದಿಯ ತುದಿಯಲ್ಲಿ, ಅವರಿಬ್ಬರೂ ಎಷ್ಟೋ ಸಲ ಹೋಗಿ ಬಿಸಿ ಬಿಸಿ ತಂದದ್ದೇ. ಇರಾಕಿನ ಸೈನ್ಯ ಒಳಗೆ ಬಂದಿದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಬೇಕರಿಯ ಎದುರು ಒಂದು ಟ್ರಕ್ಕಿನಿಂದ ಸಿಪಾಯಿಗಳು ಒಂದು ಕಾರಿಗೆ ಗುಂಡು ಹಾರಿಸಿದರು. ಕಾರು ನಿಂತಿತು, ಅದರ ಹಾರನ್ ಮಾತ್ರ ನಿಲ್ಲಲಿಲ್ಲ. ಲುಸಾಕಾ ಮಾಮಾ ಶ್ರುತಿಯ ಕಣ್ಣಿಗೆ ಅಂಗೈ ಮುಚ್ಚಿ ಎತ್ತಿಕೊಂಡು ಬಂದರು. ಅವಳು ಸದ್ದು ಕೇಳಿದಳು, ಅವರು ನೋಡಿದರು. ನಮ್ಮ ಬಾಗಿಲಲ್ಲಿ ಅವಳನ್ನು ಇಳಿಸಿದಾಗ ಆ ಹಾರನ್ ಇನ್ನೂ ಕೂಗುತ್ತಲೇ ಇತ್ತು.

ಅಂದಿನಿಂದ ಅವರಿಬ್ಬರೂ ಕೆಳಗೆ ಇಳಿಯಲಿಲ್ಲ.

ಶ್ರುತಿಯದ್ದು ಎಲ್ಲರಿಗೂ ಕಾಣುತ್ತಿತ್ತು. ಮಾತು ತೀರ ಕಡಿಮೆಯಾಯಿತು, ಮಾತಾಡಿದರೂ ಇಂಗ್ಲಿಷಿನಲ್ಲಿ ಒಂದೆರಡು ಶಬ್ದ. ಅವಳಪ್ಪ ಒಮ್ಮೆ ಎತ್ತಿಕೊಂಡು ಕೆಳಗೆ ಹೊರಟರೆ ಮೆಟ್ಟಿಲಿನ ಕಂಬಿ ಹಿಡಿದು, ಮೈ ಕೊರಡಿನ ಹಾಗೆ ಸೆಟೆದು, ಉಸಿರೇ ಬಿಡಲಿಲ್ಲ. ತುಟಿ ನೀಲಿಯಾಯಿತು. ನಾನೇ ಕಿತ್ತುಕೊಂಡು ವಾಪಸು ತಂದೆ. ಮಾಮಾನದ್ದು ಮಾತ್ರ ಯಾರಿಗೂ ತಕ್ಷಣ ಹೊಳೆಯಲಿಲ್ಲ. ದೊಡ್ಡವರು ಕೆಳಗೆ ಇಳಿಯದಿದ್ದರೆ ಏನೋ ಕೆಲಸವಿರಬೇಕು ಎಂದುಕೊಳ್ಳುತ್ತೇವೆ.

ಹೊರಗೆ ಗುಂಡಿನ ಸದ್ದು ಕೇಳಿದಾಗ ಕಟ್ಟಡದವರೆಲ್ಲ ಮೆಟ್ಟಿಲುಗಳ ಮೇಲೆ ಬಂದು ಕೂರುತ್ತಿದ್ದೆವು. ಅಲ್ಲಿ ಕಿಟಕಿ ಇಲ್ಲ, ಗಾಜು ಒಡೆಯುವ ಭಯವಿಲ್ಲ. ಎ.ಸಿ. ಇಲ್ಲದ ಆ ಸೆಕೆಯಲ್ಲಿ ಮಕ್ಕಳು ಅಳುತ್ತಿದ್ದವು. ಒಂದು ದಿನ ಅವರು ನಾಲ್ಕನೆಯ ಮಾಳಿಗೆಯ ಬಾಗಿಲಲ್ಲಿ ನಿಂತು, ಕನ್ನಡಕ ಹಣೆಗೇರಿಸಿ, ಲುಸಾಕಾಕ್ಕೆ ಹೊಸತಾಗಿ ಬಂದವರು ಯಾರು ಯಾರು ಎಂದು ಕೇಳಿದರು. ಮಕ್ಕಳು ಮಿಕಿಮಿಕಿ ನೋಡಿದವು. ಅವರು ಅಂಗೈ ಬಿಡಿಸಿ ತೋರಿಸಿದರು: ಇದು ದಕ್ಷಿಣದ ಸರ್ಕಲ್ಲು, ಈ ಮೆಟ್ಟಿಲು ಕೈರೋ ರೋಡು.

ಹಾಗೆ ಶುರುವಾಯಿತು. ನಾಲ್ಕರಿಂದ ಮೂರಕ್ಕೆ ಇಳಿಯುವಷ್ಟರಲ್ಲಿ ಮರಗಳು, ಬ್ಯಾಂಕುಗಳು, ನಿಧಾನಕ್ಕೆ ಹೋಗುವ ಸೈಕಲ್ಲುಗಳು. ಈ ರಸ್ತೆಗೆ ಕೈರೋ ಎಂದೇಕೆ ಹೆಸರು? ಆಫ್ರಿಕಾದ ತಳದಿಂದ ಕೈರೋವರೆಗೆ ಒಂದೇ ರಸ್ತೆ ಮಾಡುತ್ತೇವೆ ಎಂದು ಬಿಳಿಯರು ಕನಸು ಕಂಡಿದ್ದರು, ರಸ್ತೆ ಮುಗಿಯಲಿಲ್ಲ, ಹೆಸರು ಮಾತ್ರ ಉಳಿಯಿತು. ನಮ್ಮ ಮನೆಯ ಬಾಗಿಲು ಪೋಸ್ಟ್ ಆಫೀಸ್. ಅಲ್ಲಿಂದ ರೈಲುಹಳಿ ದಾಟಿದರೆ ತಲೆಯ ಮೇಲೆ ಸರಪಳಿ ಎತ್ತಿ ಹರಿದುಹಾಕುತ್ತಿರುವ ಮನುಷ್ಯನ ಪ್ರತಿಮೆ. ಕಾನ್ವೆಂಟಿನವಳಾದ ನಾನು ಚರ್ಚ್ ಇಲ್ಲವೇ ಎಂದು ಕೇಳಿದ್ದಕ್ಕೆ ಮರುದಿನದಿಂದ ಎರಡನೆಯ ಮಾಳಿಗೆಯಲ್ಲಿ ಕೆಥೀಡ್ರಲ್ ಬಂತು, ನನಗೆ ಅದರ ಬಾಗಿಲಲ್ಲಿ ಒಂದು ನಿಮಿಷ ಮೌನವಾಗಿ ನಿಲ್ಲುವ ಪರ್ಮಿಶನ್ ಕೂಡ. ಅಲ್ಲಿಂದ ಕೆಳಗೆ ಕಮ್ವಾಲಾ, ಗುಜರಾತಿಗಳ ಬಟ್ಟೆ ಅಂಗಡಿಗಳು, ಹೂಬಳ್ಳಿಯ ದೊಡ್ಡ ಚಿತ್ತಾರದ ಬಟ್ಟೆಯಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಹೆಂಗಸರು. ಮೊದಲನೆಯ ಮಾಳಿಗೆ ಮಾರ್ಕೆಟ್ಟು.

ಪ್ರತಿ ತಿರುವಿನಲ್ಲಿ ಮಕ್ಕಳು, ಎದುರು ಯಾರೇ ಸಿಗಲಿ, “ಮುಲಿ ಬ್ವಾಂಜಿ” ಎನ್ನಬೇಕು. ಹೇಗಿದ್ದೀರಿ ಎಂದು ಅರ್ಥ. ಅವರು ‘ಬ್ವಿನೊ’, ಚೆನ್ನಾಗಿದ್ದೇನೆ, ಎಂದ ಮೇಲೆಯೇ ಮುಂದಿನ ಪ್ರಶ್ನೆ. ನೀರಿನ ಕ್ಯಾನ್ ಹೊತ್ತು ಏದುಸಿರು ಬಿಡುತ್ತಾ ಹತ್ತಿ ಬರುವ ಗಂಡಸರೂ ನಿಂತು ಬ್ವಿನೊ ಎಂದು ಹೇಳಿಯೇ ಹತ್ತಬೇಕಾಯಿತು.

ಶ್ರುತಿ ಮೊದಮೊದಲು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಆಮೇಲೆ ಪೋಸ್ಟ್ ಆಫೀಸಿನ ಹೊಸ್ತಿಲಿಗೆ ಬಂದಳು. ಒಂದು ದಿನ ಕೆಥೀಡ್ರಲ್ಲಿನವರೆಗೆ, ಇನ್ನೊಂದು ದಿನ ಮಾರ್ಕೆಟ್ಟಿನವರೆಗೆ ಇಳಿದಳು. ನಾನು ಮೇಲಿನಿಂದ ಬಗ್ಗಿ ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಆದರೆ ಲುಸಾಕಾ ಮೊದಲನೆಯ ಮಾಳಿಗೆಯಲ್ಲಿ ಮುಗಿಯುತ್ತಿತ್ತು. ಅದರ ಕೆಳಗೆ ಊರಾಚೆಯ ಪ್ರಾಣಿಗಳ ತೋಟ ಇದೆ, ಸಿಂಹ ಇದೆ ಎಂದು ಹೇಳುತ್ತಿದ್ದರು. ಇಳಿಯೋಣ ಎಂದರೆ ನಾಳೆ ಎನ್ನುತ್ತಿದ್ದರು. ನಾಳೆಯೂ ನಾಳೆಯೇ.

ಗೊಣಗುವವರು ಇದ್ದರು. ಗಂಡಸರು ಬೆಳಗಿನಿಂದ ಬೇಕರಿಯ ಸಾಲಿನಲ್ಲಿ ನಿಲ್ಲಬೇಕು, ಇವರ ಖುಬ್ಬೂಸ್ ಮಾತ್ರ ಮೇಲಕ್ಕೆ ಹೋಗುತ್ತದೆ. ಮೊದಲನೆಯ ಮಾಳಿಗೆಯ ರತ್ನಕ್ಕ ನಮ್ಮ ಉಡುಪಿ ಕಡೆಯವರು, ಬಾಯಿ ಸ್ವಲ್ಪ ಖಾರ. “ನಿಮ್ಮ ಲುಸಾಕಾದವರಲ್ಲಿ ಒಂದು ಕೇಳಿ ಮಾರಾಯ್ತಿ,” ಎಂದರು ನನ್ನ ಹತ್ತಿರ, “ಅಲ್ಲಿಗೆ ವೀಸಾ ಬೇಕಾ ಅಂತ. ನಮಗೂ ಸಾಲು ನಿಂತು ನಿಂತು ಸಾಕಾಗಿದೆ, ನಾವೂ ಅಲ್ಲೇ ಹೋಗಿ ಕೂತುಕೊಳ್ತೇವೆ.” ನಾನು ನಕ್ಕೆ, ಆದರೆ ಆ ದಿನವೇ ನನಗೆ ವಿಷಯ ಹೊಳೆದದ್ದು. ಇಡೀ ಕಟ್ಟಡದಲ್ಲಿ ಮೊದಲನೆಯ ಮಾಳಿಗೆಯಿಂದ ಕೆಳಗೆ ಕಾಲಿಡದವರು ಇಬ್ಬರೇ.

ಸೆಪ್ಟೆಂಬರಿನಲ್ಲಿ ನಮ್ಮವರು ಒಂದು ಬಸ್ಸಿನ ಸುದ್ದಿ ತಂದರು. ಬಸ್ರಾ, ಬಾಗ್ದಾದ್, ಅಲ್ಲಿಂದ ಅಮ್ಮಾನ್, ಅಲ್ಲಿಂದ ವಿಮಾನದಲ್ಲಿ ಊರು. ಬೆಳಿಗ್ಗೆ ಬೇಕರಿಯ ಹತ್ತಿರ ಬಂದು ನಿಲ್ಲುತ್ತದೆ, ಯಾರಿಗೂ ಕಾಯುವುದಿಲ್ಲ. ಇದು ತಪ್ಪಿದರೆ ಇನ್ನೊಂದು ಯಾವಾಗ, ಇದೆಯೋ ಇಲ್ಲವೋ, ದೇವರೇ ಬಲ್ಲ. ನಮಗೆ ಮೂವರಿಗೆ, ರತ್ನಕ್ಕನ ಮನೆಯವರಿಗೆ, ಲುಸಾಕಾ ಮಾಮಾನಿಗೆ ಸೀಟು ಹೇಳಿ ಬಂದಿದ್ದರು. ಶ್ರುತಿ ಇಳಿಯದಿದ್ದರೆ ಎಂತ ಮಾಡುವುದು ಎಂದು ನಾನು ಕೇಳಿದ್ದಕ್ಕೆ, ಮುಖಕ್ಕೆ ಬಟ್ಟೆ ಸುತ್ತಿ ಹೊತ್ತುಕೊಂಡು ಹೋಗುವುದು ಎಂದರು. ಆ ನೀಲಿ ತುಟಿ ನನ್ನ ಕಣ್ಣೆದುರು ಬಂತು. ಗೇಟಿನಲ್ಲಿ ಸಿಪಾಯಿಗಳು ಇರುತ್ತಾರೆ. ಕಿರುಚುವ ಮಗುವನ್ನು ಹೊತ್ತು ಅವರೆದುರು ಹೋಗುವುದೇ?

ನಾನು ನಾಲ್ಕನೆಯ ಮಾಳಿಗೆಗೆ ಹತ್ತಿದೆ. ಅವರು ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದರು. ನಾನು ವಿಷಯ ಹೇಳಿ, ಶ್ರುತಿಯನ್ನು ನೀವೇ ಇಳಿಸಿಕೊಡಬೇಕು, ನಿಮ್ಮ ಮಾತು ಮಾತ್ರ ಅವಳು ಕೇಳುವುದು ಎಂದೆ. ಅವರು ಬಸಿಯನ್ನು ಕೆಳಗಿಟ್ಟರು.

“ಅಕ್ಕಾರ, ನಿಮ್ಮ ಮಗಳನ್ನ ನಾ ಇಳಸತೀನ್ರಿ,” ಎಂದರು. “ನನ್ನ ಇಳಸೋರು ಯಾರು?”

ಅವರೇ ಮುಂದುವರಿಸಿದರು. ಮೂರು ಸಲ ಪ್ರಯತ್ನ ಮಾಡಿದ್ದಾರಂತೆ, ಮೊದಲನೆಯ ಮಾಳಿಗೆಯ ತಿರುವಿಗೆ ಬಂದರೆ ಕಾಲು ತಮ್ಮದಲ್ಲ ಅನ್ನಿಸುತ್ತದಂತೆ. ಕಣ್ಣು ಮುಚ್ಚಿದರೂ ಆ ಕಾರು ಕಾಣುತ್ತದಂತೆ. “ಆಕೀ ಕಣ್ಣ ಮುಚ್ಚಲಿಕ್ಕೆ ನಾ ಇದ್ದೆ,” ಎಂದರು. ಆಮೇಲೆ ಮಾರ್ಕೆಟ್ಟಿನ ತನಕ ಕರೆತರುವುದು ತಮ್ಮ ಜವಾಬ್ದಾರಿ, ಅಲ್ಲಿಂದ ಮುಂದೆ ದೇವರದ್ದು ಎಂದರು.

ಬಸ್ಸಿನ ದಿನ ಬೆಳಿಗ್ಗೆ ಅವರು ಕೋಟು ಹಾಕಿ, ಟೈ ಕಟ್ಟಿ, ಕಂದು ಬೂಟಿಗೆ ಪಾಲಿಶ್ ಮಾಡಿ ನಮ್ಮ ಬಾಗಿಲಿಗೆ ಬಂದರು. ಆ ಸೆಕೆಯಲ್ಲಿ. ಹೊಸಬರ ಸುತ್ತಿಗೆ ಹೊರಡುವಾಗ ಹಾಕುತ್ತಿದ್ದ ಉಡುಪಂತೆ. ಶ್ರುತಿಗೆ ಕೈ ಚಾಚಿ, ಲುಸಾಕಾಕ್ಕೆ ಬಂದದ್ದು ಸಂತೋಷ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವಳು ನನ್ನ ಮುಖ ನೋಡಿ, ಆಮೇಲೆ ಅವರ ಕೈ ಹಿಡಿದಳು. ರೈಲುಹಳಿ, ಪ್ರತಿಮೆ, ಕೆಥೀಡ್ರಲ್ಲು. ಕಮ್ವಾಲಾದಲ್ಲಿ ಅವಳಿಗೆ ಒಂದು ಬಟ್ಟೆ ಆರಿಸಲು ಹೇಳಿದರು, ಅವಳು ಹಸಿರು ಎಂದಳು. ನಾವು ಗಂಟುಮೂಟೆ ಹೊತ್ತು ಹಿಂದೆ ಹಿಂದೆ ಬಂದೆವು.

ಮೊದಲನೆಯ ಮಾಳಿಗೆಯಲ್ಲಿ ರತ್ನಕ್ಕ ಮನೆಗೆ ಬೀಗ ಹಾಕುತ್ತಿದ್ದರು. ಅಷ್ಟರಲ್ಲಿ ಬೀದಿಯ ತುದಿಯಿಂದ ಬಸ್ಸಿನ ಡ್ರೈವರ್ ಹಾರನ್ ಒತ್ತಿದ. ಒಮ್ಮೆ, ಉದ್ದಕ್ಕೆ.

ಇಬ್ಬರ ಕೈಗಳೂ ಕಂಬಿಗೆ ಹೋದವು. ಒಂದು ಸಣ್ಣ ಕೈ, ಒಂದು ದೊಡ್ಡ ಕೈ, ಎರಡರ ಗೆಣ್ಣುಗಳೂ ಬೆಳ್ಳಗೆ. ಅವರ ಕೋಟಿನ ಬೆನ್ನು ಒದ್ದೆಯಾಗುತ್ತಾ ಬಂದದ್ದು ನನಗೆ ಕಾಣುತ್ತಿತ್ತು. ನಮ್ಮವರು ಹೆಗಲಿನ ಟವೆಲು ತೆಗೆದು ಮುಂದೆ ಬಂದರು, ನಾನು ಅವರ ತೋಳು ಹಿಡಿದು ನಿಲ್ಲಿಸಿದೆ. ರತ್ನಕ್ಕ ಬೀಗದ ಕೈಯನ್ನು ಸೆರಗಿಗೆ ಕಟ್ಟಿ, ತಮ್ಮ ಮನೆಯವರೊಂದಿಗೆ ಮುಂದೆ ಇಳಿದು ಹೋದರು.

“ವಾಟ್ ನೆಕ್ಸ್ಟ್, ಮಾಮಾ?” ಎಂದಳು ಶ್ರುತಿ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

ಸಿಂಹದ ತೋಟ ಎಂದು ಹೇಳಬಹುದಿತ್ತು. ಅವರು ಹೇಳಲಿಲ್ಲ. ಆ ಮಗುವಿಗೆ ಅವರು ಸುಳ್ಳು ಹೇಳಲಿಲ್ಲ ಎನ್ನುವುದನ್ನು ನಾನು ಇಷ್ಟು ವರ್ಷ ನೆನೆಸಿಕೊಂಡಿದ್ದೇನೆ.

“ಮುಂದ ಲುಸಾಕಾ ಇಲ್ಲವ್ವಾ,” ಎಂದರು. “ಮುಂದ ಖೈತಾನ ಅದ. ಅದು ನನಗ ಗೊತ್ತಿಲ್ಲ.”

ಅವಳು ಅವರನ್ನು ನೋಡುತ್ತಾ ನಿಂತಳು. ದೊಡ್ಡವರಿಗೆ ಹೀಗಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲವೇನೋ. ಆಮೇಲೆ ಕಂಬಿಯಿಂದ ತನ್ನ ಕೈ ತೆಗೆದಳು.

“ನನಗೆ ಗೊತ್ತುಂಟು,” ಎಂದಳು. ಕನ್ನಡದಲ್ಲಿ. “ಕೆಳಗೆ ನಮ್ಮ ಗೇಟು. ಗೇಟಿನ ಹತ್ತಿರ ಒಂದು ಬೆಕ್ಕು ಇರ್ತದೆ, ಅದಕ್ಕೆ ಒಂದೇ ಕಿವಿ. ಬನ್ನಿ, ತೋರಿಸ್ತೇನೆ.”

ಒಂದು ಮೆಟ್ಟಿಲು ಇಳಿದಳು. ಅವರ ಕೈ ಬಿಡಲಿಲ್ಲ. ಅವರು ಇಳಿದರು. ಇಲ್ಲಿ ಬಣ್ಣ ಕಿತ್ತುಹೋಗಿದೆ, ನೋಡಿ ಎಂದಳು. ಅವರು ಕನ್ನಡಕ ಕಣ್ಣಿಗೆ ಇಳಿಸಿ ನೋಡಿದರು. ಇದು ಮೀಟರಿನ ಪೆಟ್ಟಿಗೆ. ಇದು ಹಾರಿಸ್‌ನ ಕುರ್ಚಿ. ಹಾರಿಸ್ ಎಂದರೆ ಕಟ್ಟಡದ ಕಾವಲುಗಾರ, ಅವನು ಮೊದಲ ವಾರವೇ ಓಡಿಹೋಗಿದ್ದ. ಕುರ್ಚಿ ಮಾತ್ರ ಇತ್ತು. ಅವರು ಒಳ್ಳೆಯ ವಿಸಿಟರ್ ಹಾಗೆ ಪ್ರತಿಯೊಂದಕ್ಕೂ “ಹೌದೇನು?” ಎನ್ನುತ್ತಿದ್ದರು.

ಗೇಟಿನಲ್ಲಿ ಬೆಕ್ಕಿರಲಿಲ್ಲ, ಸಿಪಾಯಿ ಇದ್ದ. ಕೋವಿ ಹೆಗಲಿಗೆ, ಗಡ್ಡ ಬೋಳಿಸದೆ ವಾರವಾದ ಮುಖ. ಬ್ಯಾಗು ಬಿಚ್ಚಿ ಎನ್ನುವಂತೆ ಕೈ ಮಾಡಿದ. ಶ್ರುತಿ ನಿಂತಳು. ತಲೆ ಎತ್ತಿ ಅವನನ್ನು ನೋಡಿ, ದಾರಿಯುದ್ದಕ್ಕೂ ಮಾಡಿದ ಹಾಗೆಯೇ, ಸ್ಪಷ್ಟವಾಗಿ ಹೇಳಿದಳು:

“ಮುಲಿ ಬ್ವಾಂಜಿ.”

ಅವನ ಹುಬ್ಬು ಗಂಟಾಯಿತು. ನಮ್ಮವರು ಕಣ್ಣು ಮುಚ್ಚಿಕೊಂಡರು. ನನ್ನ ಬಾಯಲ್ಲಿ ಕಾನ್ವೆಂಟಿನ ಪ್ರೇಯರ್ ಒಂದು ಅರ್ಧಕ್ಕೆ ಬಂದು ನಿಂತಿತು. ಆಗ ಲುಸಾಕಾ ಮಾಮಾ ಗಂಟಲು ಸರಿಮಾಡಿಕೊಂಡು ತಮ್ಮ ಮುರುಕು ಅರಬ್ಬಿಯಲ್ಲಿ, ಮಗು ನಿಮ್ಮ ಆರೋಗ್ಯ ಹೇಗಿದೆ ಎಂದು ಕೇಳುತ್ತಿದೆ ಎಂದು ವಿವರಿಸಿದರು. ಅವನು ಅವಳನ್ನು ಸ್ವಲ್ಪ ಹೊತ್ತು ನೋಡಿದ. ಬಹಳ ದಿನಗಳಿಂದ ಆ ಪ್ರಶ್ನೆ ಅವನನ್ನು ಯಾರೂ ಕೇಳಿರಲಿಲ್ಲವೇನೋ. “ಜೈನ್,” ಎಂದ, ಚೆನ್ನಾಗಿದ್ದೇನೆ ಎಂದು. ಆಮೇಲೆ ನೀನು ಹೇಗಿದ್ದೀ ಎಂದು ತಿರುಗಿ ಕೇಳಿದ. ಕೇಳಿಯೂ ನಮ್ಮವರ ಟ್ರಾನ್ಸಿಸ್ಟರನ್ನು ಬ್ಯಾಗಿನಿಂದ ತೆಗೆದು ಇಟ್ಟುಕೊಂಡ, ಅದನ್ನು ಬಿಡಲಿಲ್ಲ. ಹೋಗಿ ಎಂದು ಗಲ್ಲ ಎತ್ತಿ ತೋರಿಸಿದ.

ಬೀದಿ ಬಿಸಿಲಿನಲ್ಲಿ ಬಿಕೋ ಎನ್ನುತ್ತಿತ್ತು. ಎಂಟು ವರ್ಷದ ಹುಡುಗಿಯೊಬ್ಬಳು ಟೈ ಕಟ್ಟಿದ ಮುದುಕರನ್ನು ಕೈಹಿಡಿದು ನಡೆಸುತ್ತಿದ್ದಳು. ಇದು ಟೈಲರ್ ಭಾಯಿಯ ಅಂಗಡಿ, ನನ್ನ ಯೂನಿಫಾರ್ಮ್ ಇನ್ನೂ ಕೊಡಲಿಲ್ಲ. ಇದು ಬಕಾಲಾ ಅಂಗಡಿ, ಐಸ್ ಕ್ಯಾಂಡಿ ಇಲ್ಲಿ. ಇದು ಇಸ್ತ್ರಿಯವನದ್ದು, ಯಾವಾಗಲೂ ಬೈತಾನೆ. ಬೇಕರಿಯ ಎದುರು ಡಾಂಬರಿನ ಮೇಲೆ ಒಂದು ಕಪ್ಪು ಕಲೆ ಇತ್ತು. ಅಲ್ಲಿ ಅವರ ಹೆಜ್ಜೆ ನಿಂತಿತು. ಅವಳು ಎಳೆಯಲಿಲ್ಲ. ಅವರು ತಾವಾಗಿ ಕಾಲೆತ್ತುವವರೆಗೆ ಪಕ್ಕದಲ್ಲಿ ನಿಂತಿದ್ದಳು. ಡ್ರೈವರ್ ಯಲ್ಲಾ ಯಲ್ಲಾ, ಬೇಗ ಬೇಗ, ಎಂದು ಅರಬ್ಬಿಯಲ್ಲಿ ಕೂಗುತ್ತಿದ್ದ. ರತ್ನಕ್ಕ ಬಸ್ಸಿನ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು, ಬಾಗಿಲು ಹಾಕಲು ಬಿಡದೆ, ತುಳುವಿನಲ್ಲಿ ಅವನಿಗೆ ಚೆನ್ನಾಗಿ ಬಯ್ಯುತ್ತಿದ್ದರು.

ಊರಿಗೆ ಬಂದ ಮೇಲೆ ಅವರು ಧಾರವಾಡ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ತೊಂಬತ್ತೊಂದರಲ್ಲಿ ನಮ್ಮವರು ಮತ್ತೆ ಕುವೈತಿಗೆ ಹೊರಟಾಗ, ಎಣ್ಣೆ ಬಾವಿಗಳ ಹೊಗೆಯಿಂದ ಅಲ್ಲಿ ಹಗಲೂ ಕತ್ತಲೆ ಎಂದು ಸುದ್ದಿಯಿತ್ತು. ನೀವೂ ಬರುತ್ತೀರಾ ಎಂದು ಕೇಳಿದ್ದಕ್ಕೆ ಬೇಡ ಎಂದರು, ನಕ್ಕು. ಶ್ರುತಿಯ ಮದುವೆಗೆ ಬಂದು ಎರಡು ದಿನ ಇದ್ದರು. ಆ ಬೆಳಗಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಕೆಲವು ಮಾತು ಹಾಗೆ, ಆಡಿದರೆ ಸಣ್ಣದಾಗುತ್ತದೆ.

ಆ ಬೆಳಿಗ್ಗೆ ಬಸ್ಸಿನಲ್ಲಿ ಅವರಿಗೆ ಕಿಟಕಿಯ ಸೀಟು ಕೊಟ್ಟು ಶ್ರುತಿ ಅವರ ಮಡಿಲ ಮೇಲಿನಿಂದ ಬಗ್ಗಿ ಹೊರಗೆ ತೋರಿಸುತ್ತಿದ್ದಳು. ಅದು ನನ್ನ ಸ್ಕೂಲು. ಅಲ್ಲಿ ನನ್ನ ಫ್ರೆಂಡ್ ಮನೆ. ಆ ಪಾರ್ಕಿನಲ್ಲಿ ಉಯ್ಯಾಲೆ ಉಂಟು, ಒಂದು ಮುರಿದಿದೆ. ಅವರು ಹಣೆಯನ್ನು ಗಾಜಿಗೆ ಒತ್ತಿ, ಒಂದನ್ನೂ ಬಿಡದೆ ನೋಡಿದರು. ಬಸ್ಸು ದೊಡ್ಡ ರಸ್ತೆಗೆ ತಿರುಗಿದಾಗ ಅವಳ ಮಾತು ನಿಂತಿತು. ಇಷ್ಟೇ ನನಗೆ ಗೊತ್ತಿರುವುದು ಎಂದಳು, ಸ್ವಲ್ಪ ನಾಚಿಕೆಯಿಂದ.

ಅವರು ಹಿಂತಿರುಗಿ, ಖೈತಾನಿನ ಕಟ್ಟಡಗಳು ಒಂದಕ್ಕೊಂದು ಮರೆಯಾಗುವವರೆಗೆ ನೋಡಿದರು.

“ಸಾಕವ್ವಾ,” ಎಂದರು. “ಊರು ಛಲೋ ಅದ.”